ಹತ್ತನೆಯ ಪದ

ಕಳೆದ ಭಾನುವಾರ ಮಗಳ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿದು ಎಲೆ ಹಾಕುವ ಹೊತ್ತು. ಎಷ್ಟು ಎಲೆ ಬೇಕೆಂದು ತಿಳಿಯಲು ಮೊಮ್ಮಗಳು ಇಶಾ ಅತಿಥಿಗಳತ್ತ ಬೆರಳು ನೀಡುತ್ತ "ವನ್, ಟೂ, ತ್ರೀ" ಎಂದು ಎಣಿಸತೊಡಗಿದಳು. ನಾನು ಎದ್ದು ಹೋಗಿ ಆ ಪುಟ್ಟ ಬೆರಳನ್ನು ನನ್ನ ಅಂಗೈಯಲ್ಲಿ ಮುಚ್ಚಿಕೊಂಡೆ. ಹಿಡಿದ ಮೇಲೆ ಹೊಳೆಯಿತು, ಓದುಗ ಮಿತ್ರರೇ: ಇದು ನನ್ನ ಅಭ್ಯಾಸವಲ್ಲ, ಫೆಲಿಕ್ಸ್ ಅವರದು.

ಫೆಲಿಕ್ಸ್ ಅವರು ಮಾಸನ್ ಲೇಕ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರಾಗಿದ್ದರು. ತೊಂಬತ್ತು ದಾಟಿದ ಯಹೂದಿ ವೃದ್ಧರು. ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿದವನೆಂದು ತಿಳಿದಂದಿನಿಂದ ನನ್ನನ್ನು ಪ್ರೊಫೆಸರನನ್ನಾಗಿ ಮಾಡಿಬಿಟ್ಟಿದ್ದರು. ಆ ಬಡ್ತಿಯನ್ನು ನಾನೂ ನಿರಾಕರಿಸಲಿಲ್ಲ. ಸಂಜೆ ಕೆರೆಯ ದಂಡೆಯಲ್ಲಿ ಕೂರುತ್ತಿದ್ದೆವು. ಅವರ ಆಚಾರದ ಪ್ರಕಾರ ನಮ್ಮ ಪಾತ್ರೆ ಅವರಿಗೆ ಸಲ್ಲದು. ನನ್ನ ಮಡಿಗೆ ಅವರ ಬಿಸ್ಕತ್ತು ಸಲ್ಲದು. "ನಮ್ಮಷ್ಟು ಅಗ್ಗದ ನೆಂಟರು ಯಾರಿಗೂ ಸಿಗಲ್ಲ, ಪ್ರೊಫೆಸರ್" ಎನ್ನುತ್ತ ತಮ್ಮ ಫ್ಲಾಸ್ಕ್ ತೆರೆಯುತ್ತಿದ್ದರು.

ಅವರು ಹುಟ್ಟಿದ್ದು ವಿಯೆನ್ನಾದಲ್ಲಿ. ನಾಜಿಗಳ ಆಳ್ವಿಕೆ ಬಂದು, ಯಹೂದಿ ಮಕ್ಕಳಿಗೆ ಶಾಲೆ, ಉದ್ಯಾನಗಳೆಲ್ಲ ಮುಚ್ಚಿದ ಮೇಲೆ, ತಾಯಿ ಒಂಬತ್ತು ವರ್ಷದ ಮಗನನ್ನು ಇಂಗ್ಲೆಂಡಿಗೆ ಹೊರಟ ಮಕ್ಕಳ ರೈಲು ಹತ್ತಿಸಿದರಂತೆ. "ಮುಂದಿನ ರೈಲಿನಲ್ಲೇ ಬರ್ತೀನಿ" ಎಂದಿದ್ದರಂತೆ. ಬರಲಿಲ್ಲ. ಯುದ್ಧ ಮುಗಿದ ಮೇಲೆ, ತಾಯಿಯೂ ತಂಗಿಯೂ ಸೆರೆಶಿಬಿರದಲ್ಲಿ ಅಳಿದರೆಂದು ಮಾತ್ರ ತಿಳಿಯಿತು. ಯಾವ ದಿನ ಎಂಬುದು ತಿಳಿಯಲಿಲ್ಲ. ತಿಥಿ ತಿಳಿಯದವರ ಸ್ಮರಣೆಗೆ ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯಿದೆ ಎಂದಾಗ, ತಮ್ಮವರಲ್ಲಿಯೂ ಅಂಥ ಒಂದು ದಿನವುಂಟೆಂದು ಹೇಳಿ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

ಆ ದಿನದ ಪ್ರಾರ್ಥನೆಗೆ ಅವರ ಧರ್ಮದ ಹತ್ತು ಮಂದಿ ಗಂಡಸರು ಕೂಡಬೇಕು. ಪ್ರತಿವರ್ಷ ಪ್ರಾರ್ಥನಾಮಂದಿರಕ್ಕೆ ಹೋಗುತ್ತಿದ್ದವರ ಮಂಡಿಗಳು ಆ ವರ್ಷ ಒಪ್ಪಲಿಲ್ಲ. "ಮುಂದಿನ ಸಲಕ್ಕೆ ನಾನಿರ್ತೀನೋ ಇಲ್ವೋ" ಎಂದು ಮನೆಗೇ ಎಲ್ಲರನ್ನೂ ಕರೆದರು, ನನ್ನನ್ನೂ. ಪರ್ತ್‌ನಿಂದ ಅವರ ಮಗ ಬರುವವನಿದ್ದ. ವಿಮಾನ ತಡವಾಗಿತ್ತು.

ಬೇಸಿಗೆಯ ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗಿದರೆ ಆ ಪ್ರಾರ್ಥನೆಯ ವೇಳೆ ಮೀರುತ್ತದೆ. ಉಪಕಾರ ಮಾಡುವ ಉತ್ಸಾಹದಲ್ಲಿ ನಾನು ಬೆರಳು ನೀಡಿ "ಒಂದು, ಎರಡು" ಎಂದು ಎಣಿಸಲಾರಂಭಿಸಿದೆ. ಫೆಲಿಕ್ಸ್ ಕೋಲೂರಿ ಬಂದು ನನ್ನ ಬೆರಳನ್ನು ಅಂಗೈಯಲ್ಲಿ ಮುಚ್ಚಿದರು.

"ಬೇಡಿ ಪ್ರೊಫೆಸರ್. ನಾವು ಜನರನ್ನ ಎಣಿಸಲ್ಲ. ನಮ್ಮಮ್ಮನ್ನ ಅಲ್ಲಿ ದಿನಾ ಬೆಳಿಗ್ಗೆ ನಿಲ್ಲಿಸಿ ಎಣಿಸ್ತಿದ್ರು."

ನಾನು ಕುಗ್ಗಿಹೋದೆ. ಅಕ್ಕಿ ಅಳೆಯುವಾಗ ನಮ್ಮಜ್ಜಿ ಮೊದಲ ಪಾವಿಗೆ ಒಂದು ಎನ್ನದೆ 'ಲಾಭ' ಎನ್ನುತ್ತಿದ್ದರು; ಪಂಕ್ತಿಯಲ್ಲಿ ಕುಳಿತ ಮಕ್ಕಳನ್ನು ಯಾರಾದರೂ ಎಣಿಸಿದರೆ ಗದರುತ್ತಿದ್ದರು. ಆ ಮನೆಯಲ್ಲಿ ಬೆಳೆದ ನನಗೆ ಇದು ತಿಳಿಯಬೇಡವೇ?

ಅವರು ಎಣಿಸಿದ್ದು ಬೇರೆ ಬಗೆ. ಹತ್ತು ಪದಗಳ ಒಂದು ಶ್ಲೋಕ. ಒಬ್ಬೊಬ್ಬರನ್ನು ನೋಡುತ್ತ ಒಂದೊಂದು ಪದ. ಒಂಬತ್ತು ಪದಗಳಾದವು. ಹತ್ತನೆಯದು ತುಟಿಯಲ್ಲೇ ಉಳಿಯಿತು.

"ನಾನಿದ್ದೀನಲ್ಲ" ಎಂದೆ.

ಫೆಲಿಕ್ಸ್ ನಕ್ಕರು. "ನಿಮ್ಮನೆ ಶ್ರಾದ್ಧದಲ್ಲಿ ಬ್ರಾಹ್ಮಣಾರ್ಥಕ್ಕೆ ನನ್ನ ಕೂರಿಸ್ತೀರಾ?"

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಇಲ್ಲ ತಾನೆ? ಕೂತ್ಕೊಳ್ಳಿ. ಲೆಕ್ಕಕ್ಕೆ ಸೇರದವರೂ ಜೊತೇಲಿ ಕೂತಿರಬೇಕು."

ಕೂತೆವು. ಕಿಟಕಿಯ ಬೆಳಕು ಗೋಡೆಯನ್ನೇರಿ ಕೆಂಪಾಯಿತು. ಒಬ್ಬರು ಗಡಿಯಾರ ನೋಡಿ ಪುಸ್ತಕ ಮುಚ್ಚಿದರು. ಫೆಲಿಕ್ಸ್ ಮಾತ್ರ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಒಂಬತ್ತು ವರ್ಷದ ಹುಡುಗ ಮುಂದಿನ ರೈಲಿಗೆ ಕಾದದ್ದು ಹೀಗೆಯೇ ಇರಬೇಕು. ಕೊನೆಗೆ ಬಾಗಿಲು ತೆರೆಯಿತು. ಹೆಗಲಿನ ಚೀಲ ಇಳಿಸದೆಯೇ ಮಗ ಒಳಗೆ ಬಂದ. ಏಕೆ ತಡವೆಂದು ತಂದೆ ಕೇಳಲಿಲ್ಲ; ಅವನ ಮುಖ ನೋಡಿ ಹತ್ತನೆಯ ಪದವನ್ನು ಹೇಳಿದರು. ಆಮೇಲಿನ ಪ್ರಾರ್ಥನೆ ನನಗೆ ಅರ್ಥವಾಗಲಿಲ್ಲ. ಅದರಲ್ಲಿ ಸಾವಿನ ಮಾತೇ ಇಲ್ಲ, ಇರುವುದೆಲ್ಲ ಭಗವಂತನ ಸ್ತುತಿ ಎಂದು ಮಗ ಬಳಿಕ ತಿಳಿಸಿದ.

ಮುಂದಿನ ವರ್ಷದ ಆ ದಿನಕ್ಕೆ ಫೆಲಿಕ್ಸ್ ಇರಲಿಲ್ಲ.

ಇಶಾಳ ಬೆರಳು ಇನ್ನೂ ನನ್ನ ಕೈಯಲ್ಲೇ ಇತ್ತು. "ತಾತ, ಹೌ ಎಲ್ಸ್ ವಿಲ್ ಐ ನೋ?"

"ಹೆಸರು ಹೇಳ್ತಾ ಹೋಗು, ಪುಟ್ಟಿ."

ಅವಳು ಒಬ್ಬೊಬ್ಬರ ಮುಖ ನೋಡುತ್ತ ಹೆಸರು ಹೇಳಿದಳು. ಕೊನೆಯಲ್ಲಿ ತಡೆದು ನಿಂತು, ಬಾಗಿಲ ಕಡೆ ತಿರುಗಿದಳು.

"ಸುಮಾ ಆಂಟಿ ಈಸ್ ನಾಟ್ ಹಿಯರ್ ಯೆಟ್. ಶುಡ್ ವಿ ವೇಟ್?"

"ಕಾಯೋಣ" ಎಂದೆ.