ನನಗಿಂತ ಮುಂದೆ ಹೋದವಳು

ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಸೈಕಲ್ಲಿನಲ್ಲಿ ಹೊರಟವರಿಗೆ ಎರಡು ದಾರಿಗಳಿವೆ. ಒಂದು, ಲಾರಿಗಳು ಮೈಮೇಲೇ ಬರುವ ಹೆದ್ದಾರಿ. ಇನ್ನೊಂದು, ಎರೆಹೊಲಗಳ ನಡುವೆ ಹಳ್ಳಿಯಿಂದ ಹಳ್ಳಿಗೆ ಸುತ್ತಿ, ಬೆಣ್ಣಿಹಳ್ಳ ದಾಟಿ, ನವಲಗುಂದದ ರಸ್ತೆಗೆ ಕೂಡುವ ಒಳದಾರಿ. ಆ ಭಾನುವಾರ ನಾನು ಒಳದಾರಿ ಹಿಡಿದೆ. ಅದಕ್ಕೂ ಮೊದಲು ಆ ಕಡೆ ಒಮ್ಮೆಯೂ ಹೋಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಗತಿ ಕೇಳಿದವರೆಲ್ಲ ಕೊನೆಗೆ ಕೇಳುವ ಪ್ರಶ್ನೆ ಅದೇ.

ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್. ಮಂದಿಯ ಮೊಣಕಾಲು ಮಡಚಿಸಿ, ಚಾಚಿಸಿ, ಬೈದು ನಡೆಸುವುದು ನನ್ನ ಕೆಲಸ. ಐವತ್ತು ದಾಟಿದ ಮೇಲೆ ನನ್ನ ಮೊಣಕಾಲೇ ಕಟಕಟ ಅನ್ನತೊಡಗಿದಾಗ ಒಂದು ಒಳ್ಳೆಯ ಸೈಕಲ್ ಕೊಂಡೆ. ಮೊದಮೊದಲು ನೆಂಟರು ನಕ್ಕರು. ಆಮೇಲೆ ನಗುವುದು ಅವರಿಗೇ ಬೇಸರವಾಯಿತು. ಪ್ರತಿ ಭಾನುವಾರ ಬೆಳಗಿನ ಜಾವ ನಮ್ಮ ಮನೆಯವರು ಎದ್ದು ಚಹಾ ಮಾಡಿಕೊಟ್ಟು, ನಾನು ಗೇಟು ದಾಟಿದ ಕೂಡಲೇ ಮತ್ತೆ ಮಲಗುತ್ತಾರೆ. ಹಾಗೆ ಕಲಘಟಗಿಯ ಕಾಡಿನ ಇಳಿಜಾರು, ಬಮ್ಮಿಗಟ್ಟಿಯ ಕಬ್ಬಿನ ಬದು, ಕುಂದಗೋಳದ ಮೆಣಸಿನಕಾಯಿ ಹೊಲ ಎಲ್ಲ ತಿರುಗಿ ಬಂದಿದ್ದೆ. ದೂರದಿಂದಲೇ ಲಾರಿಯವರಿಗೆ ಕಾಣಲಿ ಎಂದು ಕಿತ್ತಳೆ ಬಣ್ಣದ ಜಾಕೆಟ್ಟು, ಬಿಳಿ ಹೆಲ್ಮೆಟ್ಟು ಹಾಕುತ್ತಿದ್ದೆ.

ಹಿಂಗಾರಿ ಬಿತ್ತನೆಯ ಕಾಲ. ಹುಬ್ಬಳ್ಳಿಯಿಂದ ಹೆದ್ದಾರಿಯಲ್ಲಿ ಅಣ್ಣಿಗೇರಿಗೆ ಬಂದು, ಅಲ್ಲಿಯ ಹಳೆಯ ಕಲ್ಲಿನ ಗುಡಿಯಲ್ಲಿ ಸ್ವಲ್ಪ ಹೊತ್ತು ಬೆನ್ನು ಆನಿಸಿ ಕೂತು, ಒಂದು ಪ್ಲೇಟು ಅವಲಕ್ಕಿ ತಿಂದು ಹೊರಟೆ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಇಂಥ ದಿನ ಸೈಕಲ್ಲು ತಾನೇ ಓಡುತ್ತದೆ.

ಮೊದಲ ಹಳ್ಳಿಯ ಅಂಚಿನಲ್ಲಿ ಒಂದು ಚಹದಂಗಡಿ ಸಿಕ್ಕಿತು. ತಗಡಿನ ಚಪ್ಪರ, ಎದುರಿಗೊಂದು ಹಲಗೆ. ಸೈಕಲ್ ಒರಗಿಸುತ್ತಿದ್ದಂತೆ ಅಂಗಡಿಯ ಮುದುಕ ಕೇಳಿದ:

"ಏನ್ರಿ ಅಕ್ಕಾರ, ಹೊಳ್ಳಿ ಬಂದ್ರಿ? ಏನರ ಬಿಟ್ಟು ಹೋಗಿದ್ರೇನು?"

ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೂ ಇರಲಿಲ್ಲ.

"ನಾ ಈಗ ಬರಾಕತ್ತೇನ್ರಿ ಕಾಕಾ."

"ಈಗ ಇಲ್ಲೇ ಕುಂತು ಎದ್ದು ಹೋದ್ರೆಲ್ಲ! ಚಾ ಕೊಟ್ಟೆ. ಮುಟ್ಟಲಿಲ್ಲ, ಮಾತಾಡಲಿಲ್ಲ, ಹಂಗ ಹೋದ್ರಿ. ನೋಡ್ರಿ, ಇನ್ನೂ ತಗದಿಲ್ಲ."

ಹಲಗೆಯ ತುದಿಯಲ್ಲಿ ಗಾಜಿನ ಲೋಟವೊಂದಿತ್ತು. ತುಂಬಿದ ಚಹದ ಮೇಲೆ ಕೆನೆ ಕಟ್ಟಿತ್ತು.

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನಮ್ಮ ಹುಬ್ಬಳ್ಳಿಯ ಸೈಕಲ್ ಗುಂಪಿನಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಇಲ್ಲಿ, ಇಂಥ ದಾರಿಯಲ್ಲಿ, ನನ್ನ ಹಾಗೇ ಒಬ್ಬಳು ಮುಂದೆ ಹೋಗುತ್ತಿದ್ದಾಳೆ ಎಂದರೆ ಹಿಡಿಯಲೇಬೇಕು ಎನ್ನಿಸಿತು.

"ನನ್ನಂಗ ಇದ್ಲೇನ್ರಿ ಆಕಿ?" ಎಂದೆ.

ಮುದುಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ನಿಮ್ಮಂಗ ಅಲ್ರಿ. ನೀವ ಇದ್ರಿ," ಎಂದು ಚಹ ಸೋಸತೊಡಗಿದ.

ನಗುತ್ತ ಚಹ ಕುಡಿದು ಹೊರಟೆ. ಸ್ವಲ್ಪ ಮುಂದೆ, ಮೆಣಸಿನಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನನ್ನನ್ನು ಕಂಡವರೇ ನೆಟ್ಟಗಾದರು. ಅವರಲ್ಲೊಬ್ಬಳು ಕಳೆ ತೆಗೆಯುವ ಕುರ್ಚಿಗಿ ಎತ್ತಿ ಕೂಗಿದಳು:

"ಯಕ್ಕಾ, ಎಷ್ಟು ಸುತ್ತ ಹೊಡಿತೀಬೇ? ಆಗ ಕರದರ ತಿರಗಿ ನೋಡಲಿಲ್ಲ. ಈಗರ ನಿಲ್ಲು!"

ನಿಂತೆ. ಅವರು ರಸ್ತೆಗೆ ಬಂದು ಸೈಕಲ್ ಮುಟ್ಟಿ ನೋಡಿದರು. ಇದಕ್ಕೆ ಎಷ್ಟು, ಬೀಳುವುದಿಲ್ಲವೇ, ಗಂಡ ಏನೂ ಅನ್ನುವುದಿಲ್ಲವೇ ಎಂದು ವಿಚಾರಿಸಿದರು. ಮುಂದೆ ಹೋದವಳು ನಾನಲ್ಲ ಎಂದು ಹೇಳಿದೆ. ಕರೆದ ಹೆಂಗಸು ಸೀದಾ ನನ್ನ ಮುಖ ನೋಡಿದಳು. ಅವಳ ನಗು ಹೋಯಿತು.

"ಇದ ಅಂಗಿ. ಇದ ಟೊಪಿಗಿ. ಮಾರಿನೂ ಇದ. ಹುಡಗಾಟಕ್ಕಿ ಮಾಡಬ್ಯಾಡ್ರಿ ಅಕ್ಕಾರ," ಅಂದಳು. ಉಳಿದವರು ಹೊಲಕ್ಕೆ ಇಳಿದರು.

ಅಲ್ಲಿಯವರೆಗೆ ಹಾಡೊಂದನ್ನು ಗುನುಗುತ್ತ ಬಂದವಳು, ಅಲ್ಲಿಂದ ಮುಂದೆ ನಿಲ್ಲಿಸಿದ್ದೆ. ರಸ್ತೆಯ ಮೇಲೆ ಯಾರೂ ಇರಲಿಲ್ಲ. ಎರಡೂ ಬದಿ ಕಪ್ಪು ಹೊಲ, ಮರವೇ ಇಲ್ಲದ ಬಯಲು. ಅಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟು ಮೈಲಿ ದೂರದಿಂದ ಕಾಣಬೇಕು. ಕಾಣಲಿಲ್ಲ.

ಒಂದು ಕಡೆ ಕಾಲುವೆಯ ನೀರು ಬದು ಒಡೆದು ದಾರಿಯ ಮೇಲೆ ಹರಿದಿತ್ತು. ಎರೆಮಣ್ಣಿನ ಕೆಸರು ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಚಕ್ರ ಎರಡು ಸುತ್ತು ತಿರುಗುವುದರೊಳಗೆ ಮಣ್ಣು ಮೆತ್ತಿ ಸೈಕಲ್ಲು ನಿಂತುಬಿಡುತ್ತದೆ. ಇಳಿದು ಹೊತ್ತುಕೊಂಡೇ ಹೋಗಬೇಕು. ನಾನೂ ಇಳಿದೆ. ಬೂಟು ಹೂತುಹೋಯಿತು. ಆಗ ನನ್ನ ಮುಂದೆ ಒಂದು ಸೈಕಲ್ಲಿನ ಗೆರೆ ಕಂಡಿತು. ತಾಜಾ ಗೆರೆ. ದಾರದಿಂದ ಎಳೆದಂತೆ ನೆಟ್ಟಗೆ, ಕೆಸರಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿತ್ತು. ಅದರ ಬಾಜುವಿಗೆ ಎಲ್ಲಿಯೂ ಹೆಜ್ಜೆ ಇರಲಿಲ್ಲ.

ಅಲ್ಲಿ ನಿಂತು ನಾನು ಮಾಡಿದ್ದು ಇಷ್ಟೇ: ಹೊರಳಿ ನನ್ನ ಹೆಜ್ಜೆಗಳನ್ನು ನೋಡಿದೆ. ಇದ್ದವು. ಆಳವಾಗಿ, ಒಂದೊಂದರಲ್ಲೂ ನೀರು ತುಂಬುತ್ತಿತ್ತು. ಅದನ್ನು ಕಂಡು ಎಷ್ಟು ಸಮಾಧಾನವಾಯಿತು ಎಂದರೆ, ಆ ಸಮಾಧಾನಕ್ಕೇ ಹೆದರಿಕೆಯಾಯಿತು.

ಕಡ್ಡಿಯಿಂದ ಚಕ್ರದ ಮಣ್ಣು ಕೆದರಿ ತೆಗೆದು ಮತ್ತೆ ಹತ್ತುವಷ್ಟರಲ್ಲಿ ಬಿಸಿಲು ಏರಿತ್ತು. ಹಿಂತಿರುಗಬಹುದಿತ್ತು. ಆದರೆ ಮತ್ತೆ ಆ ಹೆಂಗಸರ ಎದುರು ಹಾಯ್ದು ಹೋಗುವುದಕ್ಕೆ ಮನಸ್ಸಾಗಲಿಲ್ಲ.

ದಾರಿ ಹಳ್ಳದ ಕಡೆಗೆ ಇಳಿಯುವಲ್ಲಿ ಜನ ಕೂಡಿದ್ದರು. ಒಂದು ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಅದರಾಚೆ ಬೆಣ್ಣಿಹಳ್ಳ ಕೆಂಪಗೆ, ದಂಡೆಗೆ ದಂಡೆ ತುಂಬಿ ಹರಿಯುತ್ತಿತ್ತು. ದಾಟುವ ತಗ್ಗಿನ ಸೇತುವೆ ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಈ ಹಳ್ಳ ಹಾಗೆಯೇ. ಎಲ್ಲೋ ಮೇಲೆ, ಶಿಗ್ಗಾವಿ ಕಡೆ ಮಳೆಯಾದರೆ ಇಲ್ಲಿ ಬಿಸಿಲಲ್ಲಿ ನಿಂತವರ ಕಾಲಿಗೆ ನೀರು ಬರುತ್ತದೆ.

ಗಂಡಸರಿಬ್ಬರು ಹಗ್ಗ ಹಿಡಿದು ದಂಡೆಗುಂಟ ಓಡಾಡುತ್ತಿದ್ದರು. ನಾನು ಸೈಕಲ್ಲಿನಿಂದ ಇಳಿದು, ಎಲ್ಲರ ಹಿಂದೆ ನಿಂತು ಕೇಳಿದೆ: "ಏನಾತ್ರಿ?"

ಎದುರಿಗಿದ್ದವನು ನೀರಿನ ಮೇಲಿನ ಕಣ್ಣು ಕೀಳದೆಯೇ ಹೇಳಿದ: "ಹೆಣ್ಮಗಳು ಒಬ್ಬಾಕಿ ಹ್ವಾದ್ಳರಿ. ಸೈಕಲ್ ಹೊಡಕೊಂತ ಬಂದಳು. ಹಳ್ಳ ಬಂತು, ಹಳ್ಳ ಬಂತು ಅಂತ ನಾವು ಚೀರಾಕತ್ತೀವಿ, ಕೇಳಲೇ ಇಲ್ಲ. ಹಂಗ ನೀರಾಗ ಇಳದಳು. ಕೇಸರಿ ಅಂಗಿ, ಬಿಳಿ..."

ಹೇಳುತ್ತ ಹೇಳುತ್ತ ತಿರುಗಿದ. ಮಾತು ಅಲ್ಲಿಗೇ ನಿಂತಿತು. ಅವನ ಪಕ್ಕದವನು ತಿರುಗಿದ. ಹಾಗೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಅಷ್ಟು ಜನ ಒಟ್ಟಿಗೆ ನನ್ನ ಕಡೆ ನೋಡುತ್ತಿದ್ದರು, ಒಬ್ಬರೂ ನನ್ನ ಹತ್ತಿರ ಬರಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟರೆ ಅವರು ಹಿಂದೆ ಸರಿದರು.

ಕೊನೆಗೆ ಬಂದವಳು ಒಬ್ಬ ಮುದುಕಿ. ನೇರ ಬಂದು ನನ್ನ ಮುಂಗೈ ಹಿಡಿದಳು. ಬಿಗಿಯಾಗಿ, ಸ್ವಲ್ಪ ಹೊತ್ತು. ಆಮೇಲೆ ಗುಂಪಿನ ಕಡೆ ತಿರುಗಿ ಹೇಳಿದಳು:

"ಬಿಸಿ ಅದಾಳ ಬಿಡ್ರೋ."

ಆಗ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

ನಾನು ಹುಬ್ಬಳ್ಳಿಯಿಂದ ಬಂದವಳು, ಮುಂದೆ ಹೋದವಳು ಬೇರೆ ಯಾರೋ ಇರಬೇಕು, ಹುಡುಕೋಣ ಎಂದೆ. ನಮ್ಮ ಸೈಕಲ್ ಗುಂಪಿನ ಹೆಂಗಸರಿಗೆಲ್ಲ ಫೋನ್ ಮಾಡಿದೆ. ಒಬ್ಬಳು ದೋಸೆ ಹೊಯ್ಯುತ್ತಿದ್ದಳು, ಒಬ್ಬಳು ಇನ್ನೂ ಎದ್ದಿರಲಿಲ್ಲ. ಎಲ್ಲರೂ ಮನೆಯಲ್ಲೇ ಇದ್ದರು. ಊರಿನ ಹಿರಿಯರೊಬ್ಬರು ಠಾಣೆಗೆ ತಿಳಿಸಿದರು. ಜನ ಜಾಲಿಕಂಟಿಗಳನ್ನು ಸರಿಸುತ್ತ ದಂಡೆಗುಂಟ ಕೆಳಗೆ ಹೋದರು. ನಾನೂ ಹೋದೆ. ಪ್ರತಿ ಕಂಟಿಯ ಕೆಳಗೆ ಬಗ್ಗಿ ನೋಡುವಾಗಲೂ ಅಲ್ಲಿ ಏನು ಕಾಣಬಹುದು, ಯಾವ ಮುಖ ಕಾಣಬಹುದು ಎಂಬುದೊಂದೇ ಯೋಚನೆ. ಏನೂ ಸಿಗಲಿಲ್ಲ. ಸೈಕಲ್ಲಿಲ್ಲ, ಹೆಲ್ಮೆಟ್ಟಿಲ್ಲ, ಬಟ್ಟೆಯ ಚೂರೂ ಇಲ್ಲ.

ಹಗ್ಗ ಹಿಡಿದು ನೀರಿಗಿಳಿದಿದ್ದವನು ಟ್ರ್ಯಾಕ್ಟರಿನ ಒಡೆಯ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಎದೆಮಟ ನೀರಿನಲ್ಲಿ ಹೋಗಿ ಹಗ್ಗ ಎಸೆದಿದ್ದನಂತೆ. ಹುಡುಕಿ ಬಂದ ಮೇಲೆ ಅವನು ಒದ್ದೆ ಬಟ್ಟೆಯಲ್ಲೇ ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕೂತಿದ್ದ. ನನ್ನ ಕಡೆ ನೋಡಲೊಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ.

"ಅಕ್ಕಾರ, ಒಂದೀಟು ಮಾತಾಡ್ರಿ," ಅಂದ ತಲೆ ತಗ್ಗಿಸಿಯೇ.

"ಏನ ಮಾತಾಡ್ಲೆಪಾ?"

"ಏನರ. ದನಿ ಕೇಳಬೇಕಾಗೇತಿ."

ನನ್ನ ಮನೆ, ಕೆಲಸ, ಮೊಣಕಾಲಿನ ನೋವು ಎಂದು ಏನೇನೋ ಹೇಳಿದೆ. ಕೇಳುತ್ತ ಕೇಳುತ್ತ ಅವನು ಅಳತೊಡಗಿದ. ಅಷ್ಟು ದೊಡ್ಡ ಆಳು, ಊರ ಜನರ ಎದುರಿಗೆ, ಮುಖ ಮುಚ್ಚಿಕೊಳ್ಳದೆ ಅತ್ತ.

"ಹಗ್ಗ ಮುಟ್ಟಿತ್ರಿ ಆಕಿಗೆ. ಹೆಗಲ ಮ್ಯಾಲ ಬಿತ್ತು. ಹಿಡೀಲಿಲ್ಲ. ಒದ್ದಾಡಲೂ ಇಲ್ಲ. ಸೈಕಲ್ ಮ್ಯಾಲ ಕುಂತಾಂಗ ಕುಂತು ಕೆಳಗ ಕೆಳಗ ಹ್ವಾದಳು. ಗದ್ದದ ಮಟ ನೀರು ಬಂದಾಗ ಹೊಳ್ಳಿ ನನ್ನ ನೋಡಿದ್ಲು. ಅಗದಿ... ಅಗದಿ ದಾರಿ ಕೇಳಾವ್ರಂಗ ನೋಡಿದ್ಲರಿ."

ಅವನ ಭುಜದ ಮೇಲೆ ಕೈ ಇಟ್ಟೆ. ಅವನು ಬೆಚ್ಚಲಿಲ್ಲ. ಬಹಳ ಹೊತ್ತು ನನ್ನ ಜಾಕೆಟ್ಟಿನ ತೋಳಿನ ಅಂಚನ್ನು ಹಿಡಿದುಕೊಂಡೇ ಕೂತಿದ್ದ.

ಮಧ್ಯಾಹ್ನ ಪೊಲೀಸರೊಬ್ಬರು ಬಂದು ಎಲ್ಲರನ್ನೂ ಕೇಳಿದರು. ಸುತ್ತಲಿನ ಊರುಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ. ನನ್ನನ್ನು ಒಮ್ಮೆ ನೋಡಿ, ನೀರನ್ನು ಒಮ್ಮೆ ನೋಡಿ, "ಹುಷಾರಾಗಿ ಹೋಗ್ರಿ ಮೇಡಂ," ಎಂದು ಗಾಡಿ ತಿರುಗಿಸಿದರು. ಮುದುಕಿ ನನ್ನನ್ನು ತನ್ನ ಮನೆಯ ಕಟ್ಟೆಗೆ ಕರೆದೊಯ್ದು ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಪೂರ್ತಿ ತಿನ್ನುವ ತನಕ ಎದುರಿಗೇ ಕೂತು ನನ್ನ ಬಾಯನ್ನೇ ನೋಡಿದಳು. ಆಮೇಲೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಹಳ್ಳಕ್ಕೆ ಎಸೆದು ಬಂದಳು. ನಾನು ಇಂಥದನ್ನೆಲ್ಲ ನಂಬುವವಳಲ್ಲ. ಆದರೆ ಬೇಡ ಅನ್ನಲಿಲ್ಲ.

ನೀರು ಇಳಿದರೂ ಅವರು ನನ್ನನ್ನು ಹಳ್ಳ ದಾಟಲು ಬಿಡಲಿಲ್ಲ. ಸೈಕಲ್ಲನ್ನು ಟ್ರೇಲರಿಗೆ ಏರಿಸಿದರು. ಅಳುತ್ತಿದ್ದವನೇ ಟ್ರ್ಯಾಕ್ಟರ್ ನಡೆಸಿಕೊಂಡು ಸುತ್ತುದಾರಿಯಲ್ಲಿ ಹೆದ್ದಾರಿಯವರೆಗೆ ಬಂದು, ನನ್ನನ್ನೂ ಸೈಕಲ್ಲನ್ನೂ ಬಸ್ಸಿಗೆ ಹತ್ತಿಸಿದ. ನನ್ನ ಫೋನ್ ನಂಬರ್ ಕೇಳಿ ಪಡೆದುಕೊಂಡ.

ರಾತ್ರಿ ಊಟದ ಹೊತ್ತಿಗೆ ಎಲ್ಲವನ್ನೂ ಕೇಳಿದ ನಮ್ಮ ಮನೆಯವರು ಲೆಕ್ಕ ಹಾಕಿದರು. ಚಹದಂಗಡಿಯವನು, ಕಳೆ ಕೀಳುವ ಹೆಂಗಸರು ನನ್ನನ್ನು ಮಾತಿಗೆ ನಿಲ್ಲಿಸದಿದ್ದರೆ, ಸರಿಯಾಗಿ ನೀರು ನುಗ್ಗುವ ಹೊತ್ತಿಗೆ ನಾನು ಸೇತುವೆಯ ಮೇಲೆ ಇರುತ್ತಿದ್ದೆ. "ಆಕಿ ಯಾರರ ಆಗಿರಲಿ, ನಿನ್ನ ಉಳಿಸಿದ್ಲು ಅನ್ಕೋ," ಎಂದರು. ಹಾಗೆ ಅಂದುಕೊಳ್ಳಲು ಪ್ರಯತ್ನಿಸಿದ್ದೇನೆ. ಆದರೆ ಗದ್ದದವರೆಗಿನ ನೀರಿನಲ್ಲಿ ದಾರಿ ಕೇಳುವವಳಂತೆ ತಿರುಗಿ ನೋಡಿದ ಮುಖ ಯಾರನ್ನೋ ಉಳಿಸಿದ ಮುಖ ಎಂದು ನನಗೆ ಅನ್ನಿಸುವುದಿಲ್ಲ. ಆ ಮುಖಕ್ಕೆ ಏನೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಸೈಕಲ್ ಬಿಟ್ಟಿಲ್ಲ. ಭಾನುವಾರ ಹೋಗುತ್ತೇನೆ. ಬೇರೆ ಬಣ್ಣದ ಜಾಕೆಟ್ಟು ಕೊಂಡಿದ್ದೇನೆ. ಹಳ್ಳಿಯ ಚಹದಂಗಡಿ ಕಂಡಾಗ, ಅವರೇ ಮೊದಲು ಏನು ಮಾತಾಡುತ್ತಾರೋ ಎಂದು ಕಾಯುತ್ತ ಒಂದು ಕ್ಷಣ ದೂರದಲ್ಲೇ ನಿಲ್ಲುತ್ತೇನೆ.

ಟ್ರ್ಯಾಕ್ಟರಿನವನು ಆಗೀಗ ಫೋನ್ ಮಾಡುತ್ತಾನೆ. ಹಳ್ಳ ಬಂದಾಗ ಮಾತ್ರ. ಬೆಳೆಯ ಸುದ್ದಿ ಇಲ್ಲ, ಮನೆಯ ಸುದ್ದಿ ಇಲ್ಲ. "ಮನ್ಯಾಗ ಅದೀರೇನ್ರಿ ಅಕ್ಕಾರ?" ಎಂದು ಕೇಳುತ್ತಾನೆ. ಹೌದು ಎಂದರೆ, "ಸಾಕ್ರಿ," ಎಂದು ಇಡುತ್ತಾನೆ.

ಈ ವರ್ಷ ಮೊದಲ ದೊಡ್ಡ ಮಳೆಯ ಮರುದಿನವೂ ಮಾಡಿದ. ನಾನು ಕ್ಲಿನಿಕ್ಕಿನಲ್ಲಿ ಒಬ್ಬರ ಕಾಲು ಹಿಡಿದು ವ್ಯಾಯಾಮ ಮಾಡಿಸುತ್ತಿದ್ದೆ. ಅವನ ದನಿಯ ಹಿಂದೆ ನೀರಿನ ಸಪ್ಪಳ ಕೇಳುತ್ತಿತ್ತು, ಜನ ಚೀರುವುದೂ ಕೇಳುತ್ತಿತ್ತು.

"ಅಕ್ಕಾರ, ಎಲ್ಲಿ ಅದೀರಿ?"

"ಹುಬ್ಬಳ್ಳ್ಯಾಗ ಅದೇನಿ. ಕೆಲಸದಾಗ. ಯಾಕಪಾ, ಏನಾತು?"

ಆ ಕಡೆ ಯಾರೋ "ಹಗ್ಗ ಒಗೀರಿ, ಹಗ್ಗ!" ಎಂದು ಕೂಗಿದರು.

"ಏನಿಲ್ರಿ. ಮಾತಾಡ್ಕೋಂತ ಇರ್ರಿ ಒಂದೀಟು," ಎಂದ.

ಮಾತಾಡಿದೆ. ಮಂಚದ ಮೇಲಿದ್ದವರು ಆಶ್ಚರ್ಯದಿಂದ ನೋಡುತ್ತಿದ್ದರೂ, ಅವನು ಸಾಕು ಅನ್ನುವವರೆಗೆ ಮಾತಾಡುತ್ತಲೇ ಇದ್ದೆ.