ಹೆಣ ಕಣ್ಣು ತೆರೆದ ನಾಟಕ

ತೊಂಬತ್ತರ ದಶಕದಲ್ಲಿ ಕಳಸದ ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ನಾನೊಮ್ಮೆ ಹೆಣದ ಪಾತ್ರ ವಹಿಸಿದ್ದೆ. ಮಾತಿಲ್ಲ, ಚಲನೆಯಿಲ್ಲ, ನನ್ನ ಪ್ರತಿಭೆಗೆ ಹೇಳಿ ಮಾಡಿಸಿದ ಪಾತ್ರವೆಂದು ನಿರ್ದೇಶಕರು ಗಂಭೀರವಾಗಿಯೇ ಹೇಳಿದ್ದರು. ಎಸ್ಟೇಟ್ ಮಾಲೀಕನೊಬ್ಬ ಸಾಯುತ್ತಾನೆ. ಬದುಕಿದ್ದಾಗ ಅವನನ್ನು ಬೈದವರೆಲ್ಲ ಬಂದು ಹೊಗಳಿ ಅಳುತ್ತಾರೆ, ಅಳುವಿನ ನಡುವೆ ಮೆಣಸಿನ ರೇಟು ವಿಚಾರಿಸುತ್ತಾರೆ. ಕಥೆ ಇಷ್ಟೇ.

ತೊಡಕಾದದ್ದು ಮಾಲೀಕನ ಹೆಂಡತಿಯ ಪಾತ್ರ. ಆಕೆ ಮೊದಲ ದೃಶ್ಯಕ್ಕೆ ಕುಂಕುಮ ಇಟ್ಟುಕೊಂಡು ಬರಬೇಕು, ಕೊನೆಗೆ ಅಳಿಸಿಕೊಳ್ಳಬೇಕು. ಸುಳ್ಳಿಗಾದರೂ ಅಳಿಸಿಕೊಳ್ಳಲು ಊರಿನ ಒಬ್ಬ ಮುತ್ತೈದೆಯೂ ಒಪ್ಪಲಿಲ್ಲ. ಗಂಡಸಿಗೇ ಸೀರೆ ಉಡಿಸೋಣವೆಂದರೆ ಮೀಸೆ ತೆಗೆಯಲು ಯಾರೂ ತಯಾರಿಲ್ಲ. ಆಗ, ಗಂಡನನ್ನು ಕಳೆದುಕೊಂಡಿದ್ದ ನಿವೃತ್ತ ಟೀಚರೊಬ್ಬರು, “ನಾನು ಮಾಡ್ತೀನಿ. ನಂಗೆ ಕಳ್ಕೊಳ್ಳೋಕೆ ಇನ್ನೇನೂ ಉಳ್ದಿಲ್ಲ” ಎಂದರು.

ಪೆಂಡಾಲು ಹಾಕಿಸಲು ಒಪ್ಪಿದ್ದ ದಿನಸಿ ಅಂಗಡಿಯವರು ತಕರಾರು ತೆಗೆದರು. ವಿಧವೆ ಕುಂಕುಮ ಇಡುವುದುಂಟೇ? ಹೀಗೆ ಶಾಸ್ತ್ರೋಕ್ತವಾಗಿ ಆ ಪಾತ್ರ ಮಾಡಬಲ್ಲ ಹೆಂಗಸು ಭೂಮಿಯ ಮೇಲೇ ಇಲ್ಲದಂತಾಯಿತು. ಅಂಗಡಿಯವರು ಟೀಚರ ಹಳೆಯ ವಿದ್ಯಾರ್ಥಿ.

“ನಿನ್ನ ಕೈ ಹಿಡ್ದು ಅಕ್ಷರ ಬರೆಸಿದ್ದು ನಾನು. ನೀನೀಗ ನನ್ನ ಹಣೆ ತಿದ್ದೋಕೆ ಬರ್ಬೇಡ” ಎಂದರು ಟೀಚರು. ಪೆಂಡಾಲು ಎದ್ದಿತು.

ನಾಟಕದ ದಿನ ನಾನು ಕಣ್ಣು ಮುಚ್ಚಿ ಚಾಪೆಯ ಮೇಲೆ ಶ್ರದ್ಧೆಯಿಂದ ಸತ್ತಿದ್ದೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಪಾತ್ರಗಳಲ್ಲಿ ಎಲ್ಲರಿಗೂ ಪಕ್ಕದವರ ಗುರುತು ಹತ್ತುತ್ತಿತ್ತು, ತಮ್ಮದಲ್ಲ. ಕೊನೆಯ ದೃಶ್ಯದಲ್ಲಿ ನೆಂಟನ ಪಾತ್ರಧಾರಿ, “ಅಳಿಸ್ಕೊಳ್ಳಿ ಅಮ್ಮ, ಹೊತ್ತಾಯ್ತು” ಎಂದ. ಟೀಚರು ಅಳಿಸಿಕೊಳ್ಳಬೇಕಿತ್ತು. ಬದಲಿಗೆ, ನಾವು ಯಾರೂ ಬರೆಯದ ಮಾತು ಕೇಳಿಸಿತು.

“ಅವ್ರು ಕಟ್ಟಿದ ತಾಳಿ ಬೇಕಾದ್ರೆ ಅವ್ರ ಜೊತೆ ಕಳ್ಸಿ. ಕುಂಕುಮ ನಾನು ತವರಿಂದ ತಂದದ್ದು.”

ನಾನು ಒಂದು ಕಣ್ಣು ತೆರೆದೆ. ಕುಂಕುಮ ಹಣೆಯ ಮೇಲೇ ಇತ್ತು. ನನ್ನ ಅಭಿನಯದ ಈ ಲೋಪವನ್ನು ಯಾರೂ ಗಮನಿಸಲಿಲ್ಲ. ಊರಿಗೆ ಊರೇ ಅವರನ್ನು ನೋಡುತ್ತಿತ್ತು. ಯಾರೂ ನಗುತ್ತಿರಲಿಲ್ಲ.

ಮರುದಿನ ನಾನು ದಿನಸಿ ಅಂಗಡಿಯಲ್ಲಿದ್ದಾಗ ಟೀಚರು ಬಂದರು. ಹಣೆಯಲ್ಲಿ ಅದೇ ಕುಂಕುಮ.

“ಟೀಚರೇ, ಬಣ್ಣ ತೊಳೆಯೋದು ಮರೆತ್ರಾ?” ಎಂದರು ಅಂಗಡಿಯವರು, ತಗ್ಗಿದ ದನಿಯಲ್ಲಿ.

“ಪಾತ್ರ ಮುಗ್ದಿಲ್ಲ ಮಾರಾಯ. ಅರ್ಧ ಕೇಜಿ ಸಕ್ಕರೆ ಕೊಡು.”

ಅಂಗಡಿಯವರು ಸಕ್ಕರೆ ತೂಗಿದರು. ಬದುಕಿರುವವರೆಗೂ ಟೀಚರು ಆ ಪಾತ್ರ ಬಿಡಲಿಲ್ಲ. ಅಂಥ ಕಲಾವಿದೆಯ ಎದುರು ಹೆಣವಾಗಿ ಮಲಗಿದ್ದೆನೆಂಬುದೇ ನನ್ನ ಹೆಮ್ಮೆ. ನನ್ನ ಪಾತ್ರಕ್ಕಂತೂ ಇನ್ನೊಂದು ಪ್ರದರ್ಶನ ಬಾಕಿ ಇದೆ. ಈ ಸಲ ಕಣ್ಣು ತೆರೆಯದಂತೆ ನೋಡಿಕೊಳ್ಳಬೇಕು.