ಸಮುದ್ರಕ್ಕಿಳಿಯಲು ಹೊರಟ ಅತ್ತೆ

“ಈ ವಯಸ್ಸಿನಾಗ ಸಮುದ್ರದ ತಳಕ್ಕ ಯಾಕ್ರೀ, ಅಮ್ಮಾ?” ಎಂದು ಹೊಸಪೇಟೆಯ ಡಾಕ್ಟರು ನಮ್ಮ ಅತ್ತೆಯನ್ನು ಕೇಳಿದರು. ಅರವತ್ತೆಂಟರ ಅತ್ತೆಗೆ ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆ. ಅದಕ್ಕೆ ವೈದ್ಯರ ಒಪ್ಪಿಗೆ ಬೇಕಿತ್ತು. ರಸ್ತೆ ತುಂಬ ಅದಿರು ಲಾರಿಗಳು ಓಡುತ್ತಿದ್ದ ಕಾಲವದು. ಆ ಕೆಂಪು ದೂಳು ಅವರ ಎದೆಯಲ್ಲಿ ಕೂತಿದ್ದರೆ ಗತಿಯೇನೆಂದು ನನಗೆ ಅಳುಕು.

ಕಿವಿ, ಬಿಪಿ, ಇಸಿಜಿ, ಎಕ್ಸ್‌ರೇ ಎಲ್ಲ ಸರಿಯಿತ್ತು. ಕೊನೆಗೆ ಮೆಟ್ಟಿಲು ಹತ್ತಿಳಿಯಲು ಹೇಳಿದರು. ಅತ್ತೆ ನೆರಿಗೆ ಎತ್ತಿ ಸಿಕ್ಕಿಸಿ ಸರಸರ ಹತ್ತಿ ಇಳಿದೇಬಿಟ್ಟರು. ಜೊತೆಗೆ ಓಡಿದ ನಾನು ಏದುಸಿರು ಬಿಡುತ್ತ ಗೋಡೆ ಹಿಡಿದೆ. ಡಾಕ್ಟರು ಅತ್ತೆಯ ಎದೆಬಡಿತ ಕೇಳಿ ಜೋರಾಗಿ ನಕ್ಕರು.

“ನೀವು ಆರಾಮಾಗಿ ಹೋಗ್ರಿ. ನಿಮ್ಮ ಸೊಸಿ ಮಾತ್ರ ದಂಡಿ ಮ್ಯಾಲೇ ಕುಂದ್ರಲಿ!”

ಮುರುಡೇಶ್ವರದಲ್ಲಿ ಅತ್ತೆ ಮೀನುಗಳ ನಡುವೆ ಸುತ್ತಾಡಿ, ಮಗುವಿನಂತೆ ಕೇಕೆ ಹಾಕುತ್ತ ಮೇಲೆ ಬಂದರು. ಅಂದಿನಿಂದ ನನಗೆ ಮುಪ್ಪಿನ ಭಯವೇ ಹೋಗಿ, ಬೇಗ ಅರವತ್ತಾಗಲಿ ಎನ್ನಿಸತೊಡಗಿದೆ.